ಅಳದ ಕೂಸಿಗೂ ನೋವಿದೆ

ಮಕ್ಕಳ ವಾರ್ಡಿಗೆ ಮೊದಲ ಸಲ ಪೋಸ್ಟಿಂಗ್ ಬಂದ ನರ್ಸಿಂಗ್ ವಿದ್ಯಾರ್ಥಿಗಳ ಕಣ್ಣಿಗೆ ಬೇಗ ಬೀಳುವುದು ಅಜ್ಜಿಯರ ತಪ್ಪುಗಳು: ಹುಟ್ಟಿದ ಕೂಸಿಗೆ ಜೇನು ನೆಕ್ಕಿಸುವುದು, ಮೂಗಿಗೆ ಎಣ್ಣೆ ಬಿಡುವುದು, ಕಣ್ಣಿಗೆ ಕಾಡಿಗೆ ತೀಡುವುದು. ತಿದ್ದಬೇಕಾದ್ದೇ, ಸರಿ. ಆದರೆ ನೋವಿನ ವಿಷಯಕ್ಕೆ ಬಂದರೆ, ಮಕ್ಕಳನ್ನು ಬಹುಕಾಲ ಕಾಡಿದ ತಪ್ಪು ಕಲ್ಪನೆ ಬೆಳೆದದ್ದು ಆಸ್ಪತ್ರೆಯ ಒಳಗೇ.

ನಂಬಿಕೆ: ಹಸುಗೂಸಿಗೆ ನೋವು ತಿಳಿಯುವುದಿಲ್ಲ.

1980ರ ದಶಕದವರೆಗೂ ಅಮೆರಿಕ, ಬ್ರಿಟನ್‌ಗಳಲ್ಲಿ ಎಷ್ಟೋ ನವಜಾತ ಶಿಶುಗಳಿಗೆ ಸ್ನಾಯು ಸಡಿಲಿಸುವ ಮದ್ದು, ಜೊತೆಗೊಂದಿಷ್ಟು ನೈಟ್ರಸ್ ಆಕ್ಸೈಡ್ ಕೊಟ್ಟು ಶಸ್ತ್ರಚಿಕಿತ್ಸೆ ಮಾಡುತ್ತಿದ್ದರು. ಕೂಸು ಅಲುಗುತ್ತಿರಲಿಲ್ಲ, ಅಷ್ಟೇ. ಎಳೆಯ ನರಗಳಿಗೆ ಮಯಲಿನ್ ಹೊದಿಕೆ ಪೂರ್ತಿ ಬಂದಿರುವುದಿಲ್ಲ, ಹಾಗಾಗಿ ನೋವು ಮಿದುಳು ಮುಟ್ಟದು ಎಂಬುದು ಅವರ ವಾದ. ನಿಮ್ಮ ಮೊದಲ ವರ್ಷದ ಶರೀರಕ್ರಿಯಾಶಾಸ್ತ್ರದ ಪುಸ್ತಕದ ಮುಂದೆ ಈ ವಾದ ನಿಲ್ಲುವುದಿಲ್ಲ. ದೊಡ್ಡವರಲ್ಲೂ ನೋವನ್ನು ಒಯ್ಯುವವು ತೆಳು ಹೊದಿಕೆಯ ಎ-ಡೆಲ್ಟಾ ತಂತುಗಳು ಮತ್ತು ಹೊದಿಕೆಯೇ ಇಲ್ಲದ ಸಿ ತಂತುಗಳು. ಮಯಲಿನ್ ಕಡಿಮೆಯಿದ್ದರೆ ಸಂದೇಶ ನಿಧಾನವಾದೀತು, ತಪ್ಪುವುದಿಲ್ಲ. ಕೂಸಿನ ಮೈಯಲ್ಲಿ ಅದು ಸಾಗಬೇಕಾದ ದಾರಿಯೂ ಗಿಡ್ಡ. ಮೇಲಾಗಿ, ಮಿದುಳಿನಿಂದ ಕೆಳಗಿಳಿದು ನೋವನ್ನು ತಗ್ಗಿಸುವ ನರಮಾರ್ಗ ಬಲಿಯುವುದು ತಡವಾಗಿ. ದಿನ ತುಂಬುವ ಮೊದಲೇ ಹುಟ್ಟಿದ ಕೂಸಿಗೆ ನೋವು ನಮಗಿಂತ ಹೆಚ್ಚೇ ತಟ್ಟೀತು.

ಇಂದೋರಿನಲ್ಲಿ ವೈದ್ಯಕೀಯ ಓದಿ ಆಕ್ಸ್‌ಫರ್ಡ್‌ಗೆ ಹೋಗಿದ್ದ ಕನ್ವಲ್‌ಜೀತ್ ಆನಂದ್ ಮತ್ತು ಸಂಗಡಿಗರು 1987ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನ ಈ ನಂಬಿಕೆಯ ಬುಡ ಅಲುಗಿಸಿತು. ಹೃದಯದ ಬಳಿ ಶಸ್ತ್ರಚಿಕಿತ್ಸೆಯಾದ ಅಕಾಲಿಕ ಶಿಶುಗಳಲ್ಲಿ ಕೆಲವಕ್ಕೆ ಅವರು ಫೆಂಟನಿಲ್ ಸೇರಿಸಿ ಕೊಟ್ಟರು. ಆ ಶಿಶುಗಳಲ್ಲಿ ಒತ್ತಡದ ಹಾರ್ಮೋನುಗಳ ಏರಿಕೆ ಕಡಿಮೆಯಿತ್ತು, ಆಮೇಲಿನ ತೊಡಕುಗಳೂ ಕಡಿಮೆ. ಅರಿವಳಿಕೆ ಕೊಟ್ಟರೆ ಕೂಸು ತಾಳದು ಎನ್ನುತ್ತಿದ್ದವರಿಗೆ ಇದಕ್ಕಿಂತ ನೇರ ಉತ್ತರ ಬೇಕಿರಲಿಲ್ಲ.

ನಂಬಿಕೆ: ಸುಮ್ಮನೆ ಮಲಗಿದೆ, ಅಂದರೆ ನೋವಿಲ್ಲ.

ಹಿಮ್ಮಡಿಗೆ ಮತ್ತೆ ಮತ್ತೆ ಚುಚ್ಚಿಸಿಕೊಂಡ ಅಕಾಲಿಕ ಶಿಶುವಿಗೆ ಅಳಲೂ ಶಕ್ತಿ ಉಳಿದಿರುವುದಿಲ್ಲ. ಮುಖ ನೋಡಿ: ಉಬ್ಬಿದ ಹುಬ್ಬು, ಬಿಗಿಯಾಗಿ ಮುಚ್ಚಿದ ಕಣ್ಣು, ಮೂಗಿನ ಪಕ್ಕದ ಆಳವಾದ ಗೆರೆ. ಮಾನಿಟರಿನಲ್ಲಿ ಹೃದಯಬಡಿತ ಏರಿ ಆಕ್ಸಿಜನ್ ಇಳಿಯಬಹುದು. 2 ತಿಂಗಳಿಂದ 7 ವರ್ಷದವರೆಗೆ ‘ಫ್ಲ್ಯಾಕ್’ ಮಾಪಕವಿದೆ: ಮುಖ, ಕಾಲು, ಚಲನೆ, ಅಳು, ಸಮಾಧಾನವಾಗುವ ಬಗೆ, ಒಂದೊಂದಕ್ಕೆ 0ಯಿಂದ 2 ಅಂಕ, ಒಟ್ಟು 10. ಅಳು ಐದರಲ್ಲಿ ಒಂದು ಮಾತ್ರ ಎಂಬುದನ್ನು ಗಮನಿಸಿ.

ನಂಬಿಕೆ: ಲಸಿಕೆ ಹಾಕುವಾಗ ಹಾಲೂಡಿಸಬಾರದು, ನೆತ್ತಿಗೇರುತ್ತದೆ.

ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲೇ ಹೇಳಿದ್ದು ಇದಕ್ಕೆ ತದ್ವಿರುದ್ಧ: ಸಾಧ್ಯವಿದ್ದಲ್ಲಿ ತಾಯಿ ಎದೆಹಾಲು ಕುಡಿಸುತ್ತಿರುವಾಗಲೇ, ಇಲ್ಲವೇ ಕುಡಿಸಿದ ಬೆನ್ನಿಗೇ ಲಸಿಕೆ ಹಾಕಿ. ಕೂಸು ತೊಡೆಯ ಮೇಲೆ, ತಾಯಿಯ ತೋಳಿನಲ್ಲಿರಲಿ. ಚುಚ್ಚಿದ ಮೇಲೆ ಪಿಸ್ಟನ್ ಹಿಂದಕ್ಕೆಳೆದು ರಕ್ತ ಬರುತ್ತದೆಯೇ ಎಂದು ನೋಡುವ ಹಳೇ ರೂಢಿ ಬೇಡ. ಒಂದೇ ದಿನ ಎರಡು ಮೂರು ಸೂಜಿಯಿದ್ದರೆ ಹೆಚ್ಚು ನೋವಿನದ್ದು ಕೊನೆಗೆ. ಬಾಯಿಗೆ ಹನಿ ಹಾಕುವ ರೋಟಾ ಲಸಿಕೆ ಸೂಜಿಗೂ ಮೊದಲು.

ಉಳಿದದ್ದು ಮಾತಿನ ಸಂಗತಿ. “ಊಟ ಮಾಡದಿದ್ರೆ ಸಿಸ್ಟರ್ ಹತ್ರ ಸೂಜಿ ಚುಚ್ಚಿಸ್ತೀನಿ” ಎಂದು ಹೆದರಿಸುವುದು ನಮ್ಮಲ್ಲಿ ಮನೆಮನೆಯ ಮಾತು. ನಾಲ್ಕು ವರ್ಷದ ಮಗು ಅದನ್ನು ಹಾಗೇ ನಂಬುತ್ತದೆ. ಪಿಯಾಜೆ ಗುರುತಿಸಿದ 2ರಿಂದ 7 ವರ್ಷದ ಹಂತದಲ್ಲಿ ಕಾರಣ-ಪರಿಣಾಮದ ಲೆಕ್ಕ ಇನ್ನೂ ಕೂಡಿರುವುದಿಲ್ಲ. ಕಾಯಿಲೆ, ಸೂಜಿ ಎಲ್ಲವೂ ತಾನು ಮಾಡಿದ ತಪ್ಪಿಗೆ ಶಿಕ್ಷೆ ಎಂದೇ ಮಗು ತಿಳಿದೀತು. “ನೀನೇನೂ ತಪ್ಪು ಮಾಡಿಲ್ಲ ಪುಟ್ಟ” ಎನ್ನಿ. “ಸ್ವಲ್ಪವೂ ನೋವಾಗಲ್ಲ” ಎನ್ನಬೇಡಿ. ಮರುದಿನ ನಿಮ್ಮ ಮಾತಿಗೆ ಬೆಲೆಯಿರುವುದಿಲ್ಲ. ಶಾಲೆಗೆ ಹೋಗುವ ಮಗುವಿಗೆ ಏನು ಮಾಡುತ್ತೀರೆಂದು ಮೊದಲೇ ತಿಳಿಸಿದರೆ ಸಾಕು, ಅದೇ ತೋಳು ಮುಂದೆ ಮಾಡೀತು. ಹದಿನಾಲ್ಕರ ಹುಡುಗ ಗೆಳೆಯರ ಎದುರು “ಏನಿಲ್ಲ ಸಿಸ್ಟರ್” ಎಂದರೆ ಚಾರ್ಟಿನಲ್ಲಿ ಸೊನ್ನೆ ಬರೆಯುವ ಮೊದಲು, ಅವರು ಹೋದ ಮೇಲೆ ಇನ್ನೊಮ್ಮೆ ಕೇಳಿ.