ಹೋದಳೋ, ಹೋದರೋ: ಯಂತ್ರದೊಳಗಿನ ವ್ಯಾಕರಣ

ತಪ್ಪು ಕಲ್ಪನೆ: ಭಾಷಾ ಮಾದರಿಯೊಳಗೆ ವ್ಯಾಕರಣದ ನಿಯಮಗಳನ್ನು ಯಾರೋ ಬರೆದಿಟ್ಟಿದ್ದಾರೆ.

ವಾಸ್ತವ: ಕನ್ನಡದ ಹಳೆಯ ವೈಯಾಕರಣ ಕೇಶಿರಾಜನಂತೆ ಸೂತ್ರ ಕಟ್ಟಿಕೊಟ್ಟವರು ಇಲ್ಲಿ ಯಾರೂ ಇಲ್ಲ. ರಾಶಿ ರಾಶಿ ಪಠ್ಯ ಕೊಟ್ಟು ಮುಂದಿನ ಪದವನ್ನು ಊಹಿಸಲು ಬಿಡುತ್ತಾರೆ. ಊಹೆ ತಪ್ಪಿದಾಗಲೆಲ್ಲ ಒಳಗಿನ ಸಂಖ್ಯೆಗಳು ಕೊಂಚ ಬದಲಾಗುತ್ತವೆ, ಅಷ್ಟೇ.

ತಪ್ಪು ಕಲ್ಪನೆ: ಹಾಗಿದ್ದರೆ ಅದು ಪಕ್ಕದ ಪದ ನೋಡಿ ಊಹಿಸುತ್ತದೆ, ವಾಕ್ಯರಚನೆಯ ಗೊಡವೆ ಅದಕ್ಕಿಲ್ಲ.

ವಾಸ್ತವ: ‘ಆ ಹುಡುಗಿ ಅಣ್ಣಂದಿರ ಜೊತೆ ಜಾತ್ರೆಗೆ...’ ಎಂದು ನಿಲ್ಲಿಸಿದರೆ ನಾವು ‘ಹೋದಳು’ ಎಂದು ಮುಗಿಸುತ್ತೇವೆ. ಹತ್ತಿರವಿರುವುದು ಅಣ್ಣಂದಿರು, ಕ್ರಿಯಾಪದ ಹಿಡಿಯುವುದು ಹುಡುಗಿಯ ಜಾಡನ್ನು. 2016ರಲ್ಲಿ ತಾಲ್ ಲಿಂಜೆನ್ ಮತ್ತು ಸಂಗಡಿಗರು ಇದೇ ಬಗೆಯ ಇಂಗ್ಲಿಷ್ ವಾಕ್ಯಗಳಿಂದ ಭಾಷಾ ಮಾದರಿಗಳಿಗೆ ಆಧಾರವಾದ ನರಜಾಲಗಳನ್ನು, ಅಂದರೆ ಲೆಕ್ಕ ಮಾಡುವ ಸಣ್ಣ ಸಣ್ಣ ಘಟಕಗಳ ಹೆಣಿಗೆಯನ್ನು, ಪರೀಕ್ಷಿಸಿದರು. ದಾರಿ ತಪ್ಪಿಸುವ ನಾಮಪದಗಳು ನಡುವೆ ಹೆಚ್ಚಿದಂತೆ ತಪ್ಪುಗಳೂ ಹೆಚ್ಚಿದವು. ಆದರೆ 2018ರಲ್ಲಿ ಕ್ರಿಸ್ಟಿನಾ ಗುಲೊರ್ದಾವಾ ತಂಡ ಇಟಾಲಿಯನ್, ಇಂಗ್ಲಿಷ್, ಹೀಬ್ರೂ, ರಷ್ಯನ್ ಭಾಷೆಗಳಲ್ಲಿ ವ್ಯಾಕರಣ ಸರಿಯಿದ್ದು ಅರ್ಥವೇ ಇಲ್ಲದ ವಾಕ್ಯಗಳನ್ನು ಕೊಟ್ಟು ನೋಡಿತು. ಅರ್ಥದ ಆಸರೆ ಇಲ್ಲದೆಯೂ ಮಾದರಿಗಳು ಬಹುಪಾಲು ಸರಿಯಾದ ವಚನವನ್ನೇ ಆರಿಸಿದವು.

ತಪ್ಪು ಕಲ್ಪನೆ: ಒಳಗೆ ವಾಕ್ಯರಚನೆಯ ಗುರುತು ಸಿಕ್ಕಿತೆಂದರೆ ಮಾದರಿ ಅದನ್ನು ಬಳಸುತ್ತಿದೆ ಎಂದೇ ಅರ್ಥ.

ವಾಸ್ತವ: ಇಲ್ಲಿ ಸಂಶೋಧಕರೂ ಎಡವಬಹುದು. 2019ರಲ್ಲಿ ಜಾನ್ ಹೆವಿಟ್ ಮತ್ತು ಕ್ರಿಸ್ಟೋಫರ್ ಮ್ಯಾನಿಂಗ್, ಬರ್ಟ್ ಎಂಬ ಭಾಷಾ ಮಾದರಿ ಪದಗಳಿಗೆ ಕೊಡುವ ಸಂಖ್ಯೆಗಳಿಂದ ವಾಕ್ಯದ ರಚನಾವೃಕ್ಷವನ್ನು ಬಹುಮಟ್ಟಿಗೆ ಮರಳಿ ಕಟ್ಟಬಹುದೆಂದು ತೋರಿಸಿದರು. ದೊಡ್ಡ ಶೋಧವೇ. ಆದರೂ ಮಾದರಿ ತನ್ನ ಊಹೆಗೆ ಆ ವೃಕ್ಷವನ್ನು ನೆಚ್ಚಿಕೊಂಡಿದೆ ಎನ್ನಲು ಅಷ್ಟು ಸಾಲದು. ಅದಕ್ಕೆ ಒಳಗೆ ಕೈಯಿಟ್ಟು ಏನನ್ನಾದರೂ ಕೆಡಿಸಿ ನೋಡಬೇಕು.

ಅದೇ ವರ್ಷ ಯಾಯಿರ್ ಲಾಕ್ರೆಟ್ಜ್ ಮತ್ತು ಸಂಗಡಿಗರು ಮಾಡಿದ್ದು ಅದನ್ನೇ. ಈ ಕ್ಷೇತ್ರದಲ್ಲಿ ನನ್ನನ್ನು ಅತಿ ಹೆಚ್ಚು ಬೆರಗುಗೊಳಿಸಿದ ಪ್ರಯೋಗ ಇದು. ಅವರು ನೋಡಿದ ನರಜಾಲದಲ್ಲಿ 1300 ಘಟಕಗಳಿದ್ದವು. ಒಂದೊಂದನ್ನೇ ನಿಷ್ಕ್ರಿಯಗೊಳಿಸುತ್ತ ಹೋದಾಗ, ದೂರದ ಕರ್ತೃವಿನ ವಚನವನ್ನು ಕ್ರಿಯಾಪದದವರೆಗೆ ಕಾಪಿಟ್ಟು ತರುವ ಹೊಣೆ ಮುಖ್ಯವಾಗಿ ಎರಡೇ ಘಟಕಗಳ ಮೇಲಿರುವುದು ಕಂಡಿತು: ಒಂದು ಏಕವಚನಕ್ಕೆ, ಇನ್ನೊಂದು ಬಹುವಚನಕ್ಕೆ. ಬಹುವಚನದ್ದನ್ನು ನಿಷ್ಕ್ರಿಯಗೊಳಿಸಿದರೆ, ಕರ್ತೃ ಬಹುವಚನದಲ್ಲಿದ್ದು ನಡುವೆ ಏಕವಚನದ ನಾಮಪದ ಬರುವ ವಾಕ್ಯಗಳಲ್ಲಿ ಮಾದರಿ ಮುಗ್ಗರಿಸುತ್ತಿತ್ತು. ಕರ್ತೃವಿನ ಬೆನ್ನಿಗೇ ಕ್ರಿಯಾಪದ ಬರುವ ಸರಳ ವಾಕ್ಯಗಳು ಮಾತ್ರ ಕೆಡಲಿಲ್ಲ; ಅವುಗಳ ವಚನವನ್ನು ಬೇರೆ ಹಲವು ಘಟಕಗಳು ಹಂಚಿಕೊಂಡು ಹೊತ್ತಿದ್ದವು.