ಕಣಜವಿಲ್ಲದ ಬೆಳೆ

ಭತ್ತವನ್ನು ಕಣಜದಲ್ಲಿ ತುಂಬಿಡಬಹುದು. ವಿದ್ಯುತ್ತು ಹಾಗಲ್ಲ, ನಾವು ಗುಂಡಿ ಒತ್ತಿದ ಗಳಿಗೆಯಲ್ಲೇ ಅದು ಎಲ್ಲಿಯೋ ಹುಟ್ಟಬೇಕು. ಈ ಉದ್ಯಮದ ಕಷ್ಟವೆಲ್ಲ ಈ ಒಂದು ಮಾತಿನಲ್ಲಿದೆಯೆಂದು ನನ್ನ ಭಾವನೆ. ಬೇಡಿಕೆಗೆ ಉತ್ಪಾದನೆ ಸಾಲದಾದರೆ ಯಂತ್ರಗಳ ವೇಗ ಕುಗ್ಗುತ್ತದೆ. ಸೆಕೆಂಡಿಗೆ 50 ಆವರ್ತಗಳಿರಬೇಕಾದ ಪ್ರವಾಹದ ಲಯ ತಪ್ಪುತ್ತದೆ. ಆಗ ಕೆಲವು ಊರುಗಳನ್ನು ಕತ್ತಲೆಯಲ್ಲಿಟ್ಟಾದರೂ ಲಯವನ್ನು ಉಳಿಸಿಕೊಳ್ಳಬೇಕಾಗುತ್ತದೆ.

1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ಸುಮಾರು 90 ಮೈಲಿ ತಂತಿ ಎಳೆದಾಗ ಲೆಕ್ಕ ಸುಲಭವಾಗಿತ್ತು: ಒಂದು ಜಲಪಾತ, ಒಬ್ಬ ಗಿರಾಕಿ. ಬೆಂಗಳೂರಿನ ಬೀದಿಗಳಿಗೆ ವಿದ್ಯುದ್ದೀಪ ಬಂದದ್ದು 1905ರಲ್ಲಿ. ಬಂಗಾರ ಮೊದಲು, ಬೆಳಕು ಆಮೇಲೆ!

ಇಂದು ಗಿರಾಕಿಗಳು ಕೋಟಿಗಟ್ಟಲೆ. ಪಾವಗಡದ ಸೌರಫಲಕಗಳು ಹಗಲೆಲ್ಲ ದುಡಿದು, ದೀಪ ಹಚ್ಚುವ ಹೊತ್ತಿಗೇ ಸುಮ್ಮನಾಗುತ್ತವೆ. ತಣ್ಣಗಾದ ಕಲ್ಲಿದ್ದಲ ಸ್ಥಾವರ ಕಾವೇರಲು ಗಂಟೆಗಟ್ಟಲೆ ಬೇಕು. ದೊಡ್ಡ ಬ್ಯಾಟರಿಗಳು ಬರುತ್ತಿವೆ. ಒಂದು ರಾಜ್ಯದ ಸಂಜೆಗೆ ಅವು ಇನ್ನೂ ಸಾಲವು. ನೀರಿನ ಯಂತ್ರವಾದರೋ ಕೆಲವೇ ನಿಮಿಷಗಳಲ್ಲಿ ಎಚ್ಚರಗೊಳ್ಳುತ್ತದೆ. ಹೀಗಾಗಿ ಸಂಜೆಯ ಭಾರದಲ್ಲಿ ದೊಡ್ಡ ಪಾಲು ಶರಾವತಿಯ ಮೇಲೆ ಬೀಳುತ್ತದೆ. ವಿದ್ಯುತ್ತನ್ನು ಕೂಡಿಡಲಾರದ ನಾವು ಅದನ್ನು ಹುಟ್ಟಿಸುವ ನೀರನ್ನು ಕೂಡಿಟ್ಟಿದ್ದೇವೆ. ಲಿಂಗನಮಕ್ಕಿಯೇ ನಮ್ಮ ಕಣಜ.

1964ರಲ್ಲಿ ಮುಗಿದ ಆ ಅಣೆಕಟ್ಟಿನ ಹಿನ್ನೀರಿನಲ್ಲಿ ಹಳ್ಳಿಗಳು, ಗದ್ದೆಗಳು, ಅಡಕೆ ತೋಟಗಳು ಮುಳುಗಿದವು. ಸಾವಿರಾರು ಕುಟುಂಬಗಳು ಗಂಟುಮೂಟೆ ಕಟ್ಟಿಕೊಂಡು ಕಾಡಿನ ಅಂಚಿನ ಹೊಸ ನೆಲೆಗಳಿಗೆ ಹೋದವು. ತಾವು ಉಳುತ್ತ ಬಂದ ಆ ನೆಲದ ಹಕ್ಕುಪತ್ರಕ್ಕಾಗಿ ಅವರಲ್ಲಿ ಅನೇಕರ ಮಕ್ಕಳು ಮೊಮ್ಮಕ್ಕಳು, ಅರುವತ್ತು ವರ್ಷಗಳಾದ ಮೇಲೂ, ಕಚೇರಿಗಳಿಗೆ ಅಲೆಯುತ್ತಿದ್ದರು.