ಮಗುವಿನ ಪರವಾಗಿ ‘ಸಾಕು’ ಎನ್ನುವವರು

ಇಂಗ್ಲೆಂಡಿನಲ್ಲಿ ಪರವಾನಗಿ ಪಡೆದು ನಾಟಕ, ಸಿನಿಮಾ, ಟಿವಿ ಅಥವಾ ಜಾಹೀರಾತಿನಲ್ಲಿ ಅಭಿನಯಿಸುವ ಮಗುವಿನ ಜೊತೆ ಅಪ್ಪನೋ ಅಮ್ಮನೋ ಇರದಿದ್ದರೆ, ಆ ಜಾಗದಲ್ಲಿ ‘ಶಾಪರೋನ್’ ಇರಬೇಕು. ಮಗುವಿನ ಸ್ವಂತ ಶಾಲೆಯ ಶಿಕ್ಷಕರು ಬಂದರೂ ನಡೆಯುತ್ತದೆ. ಆದರೆ ಅಜ್ಜಿ, ಚಿಕ್ಕಮ್ಮ, ಪಕ್ಕದ ಮನೆಯವರು ಬರುವುದಾದರೆ, ತಂದೆತಾಯಿ ಒಪ್ಪಿದರೂ ಸಾಲದು. ಅವರಿಗೂ ಸ್ಥಳೀಯ ಆಡಳಿತದ ಅನುಮತಿ ಬೇಕು. ಹೀಗೆ ಅನುಮತಿ ಪಡೆದು ಮಗುವಿನ ಹೊಣೆ ಹೊರುವವರೇ ಶಾಪರೋನ್.

ಈ ವ್ಯವಸ್ಥೆಗೆ ಆಧಾರ 1933 ಮತ್ತು 1963ರ ಮಕ್ಕಳ ಕಾಯ್ದೆಗಳು. 1968ರ ಹಳೆಯ ನಿಯಮಗಳ ಬದಲಿಗೆ ಬಂದ 2014ರ ನಿಯಮಗಳು 2015ರ ಫೆಬ್ರುವರಿಯಿಂದ ಜಾರಿಯಲ್ಲಿವೆ. ವೇಲ್ಸ್ ಮತ್ತು ಸ್ಕಾಟ್‌ಲೆಂಡ್‌ಗಳಿಗೆ ಅವುಗಳದೇ ನಿಯಮಗಳಿವೆ.

ಶಾಪರೋನ್ ನೋಡಿಕೊಳ್ಳಬೇಕಾದದ್ದು ಮಗುವಿನ ಆರೋಗ್ಯವನ್ನಷ್ಟೇ ಅಲ್ಲ. ಅದರ ನೆಮ್ಮದಿ, ಅದಕ್ಕೆ ಸಿಗುವ ಅಕ್ಕರೆಯ ನಡವಳಿಕೆ, ಅದರ ನೈತಿಕ ಹಿತ ಇವೆಲ್ಲವೂ ನಿಯಮದಲ್ಲಿ ಸೇರಿವೆ. ಮಗುವಿನೊಡನೆ ಅಕ್ಕರೆಯಿಂದ ನಡೆದುಕೊಳ್ಳುವುದನ್ನು ಸರ್ಕಾರಿ ನಿಯಮವೊಂದು ಬರೆದಿಟ್ಟಿರುವುದು ದೊಡ್ಡ ಮಾತು. ಒಬ್ಬ ಶಾಪರೋನ್ 12ಕ್ಕಿಂತ ಹೆಚ್ಚು ಮಕ್ಕಳನ್ನು ನೋಡಿಕೊಳ್ಳುವಂತಿಲ್ಲ. ಮಕ್ಕಳು ತೀರ ಚಿಕ್ಕವರಾದರೆ ಆಡಳಿತ ಈ ಸಂಖ್ಯೆಯನ್ನು ಇನ್ನೂ ಇಳಿಸುತ್ತದೆ. ಮಗುವಿನ ಮೇಲಿನ ಗಮನ ತಪ್ಪಿಸುವ ಬೇರೆ ಯಾವ ಕೆಲಸವನ್ನೂ ಅವರಿಗೆ ವಹಿಸಬಾರದು. ‘ಹೇಗೂ ಇಲ್ಲೇ ಇದ್ದೀರಲ್ಲ’ ಎಂದು ಮೇಕಪ್ಪಿಗೋ ಉಡುಪು ಜೋಡಿಸಲಿಕ್ಕೋ ಕರೆಯುವಂತಿಲ್ಲ.

ಅವರ ದಿನದ ಬಹುಪಾಲು ಕೆಲಸ ಗಡಿಯಾರದೊಂದಿಗೆ. 5ರಿಂದ 8 ವರ್ಷದ ಮಗು ಅಭಿನಯದ ಸ್ಥಳದಲ್ಲಿ ದಿನಕ್ಕೆ ಒಟ್ಟು 8 ಗಂಟೆ ಇರಬಹುದು. ಅದರಲ್ಲಿ ಅಭಿನಯಕ್ಕೆ 3 ಗಂಟೆ ಮಾತ್ರ. 9 ತುಂಬಿದವರಿಗೆ ಇದು ಒಂಬತ್ತೂವರೆ ಗಂಟೆ ಮತ್ತು 5 ಗಂಟೆ. ಐದು ತುಂಬದವರಿಗೆ 5 ಗಂಟೆ ಮತ್ತು 2 ಗಂಟೆ. ಊಟ, ವಿರಾಮ, ಪಾಠಗಳಿಗೂ ಲೆಕ್ಕವಿದೆ.

ಎಂಟು ವರ್ಷದ ಹುಡುಗಿಯೊಬ್ಬಳು ಬೆಳಿಗ್ಗೆ 9ಕ್ಕೆ ಚಿತ್ರೀಕರಣಕ್ಕೆ ಬಂದಳೆನ್ನಿ. ಶಾಪರೋನ್ ಹಾಳೆಯ ಮೇಲೆ ಮೊದಲು ಆ ಹೊತ್ತನ್ನು ಬರೆಯುತ್ತಾರೆ. ಆಮೇಲೆ ಕ್ಯಾಮೆರಾ ಮುಂದೆ ನಿಂತದ್ದು, ಉಂಡದ್ದು, ಓದಲು ಕೂತದ್ದು, ಮಂಡಿ ತರಚಿಕೊಂಡದ್ದು. ಸಂಜೆ ನಾಲ್ಕೂ ಐವತ್ತಕ್ಕೆ ನಿರ್ದೇಶಕರು ‘ಇನ್ನೊಂದೇ ಶಾಟ್’ ಎನ್ನುತ್ತಾರೆ. ಬೆಳಕು ಚೆನ್ನಾಗಿದೆ, ಹುಡುಗಿಯೂ ಉತ್ಸಾಹದಲ್ಲಿದ್ದಾಳೆ. ಆದರೆ ವೇಷ ಕಳಚಿ, ಬಣ್ಣ ಒರೆಸಿ 5ಕ್ಕೆ ಅವಳು ಹೊರಡಬೇಕು. ಅಲ್ಲಿ ‘ಸಾಕು’ ಎನ್ನಬೇಕಾದವರು ಶಾಪರೋನ್. ಸಂಬಳ ಕೊಡುವುದು ನಿರ್ಮಾಣ ಸಂಸ್ಥೆಯೇ ಆಗಿದ್ದರೂ ಅವರ ಮೊದಲ ಕರ್ತವ್ಯ ಮಗುವಿಗೆ. ಈ ಕೆಲಸದ ನಿಜವಾದ ಕಷ್ಟ ಇರುವುದು ಇಲ್ಲಿಯೇ.

ಶಾಪರೋನ್ ಆಗಬಯಸುವವರು ತಾವು ವಾಸಿಸುವ ಊರಿನ ಸ್ಥಳೀಯ ಆಡಳಿತಕ್ಕೆ ಅರ್ಜಿ ಹಾಕುತ್ತಾರೆ. ವಯಸ್ಕರಾಗಿರಬೇಕು, ರಂಗಭೂಮಿಯ ಅನುಭವವಾಗಲಿ ಪದವಿಯಾಗಲಿ ಇರಲೇಬೇಕೆಂದಿಲ್ಲ. ಗುರುತಿನ ದಾಖಲೆ, ಫೋಟೊ, ಪರಿಚಿತರಿಂದ ಶಿಫಾರಸು ಪತ್ರ ಒದಗಿಸಬೇಕು. ಬಳಿಕ ಡಿಬಿಎಸ್ ಎಂಬ ಸರ್ಕಾರಿ ಸಂಸ್ಥೆಯಿಂದ ಅಪರಾಧ ಹಿನ್ನೆಲೆಯ ವಿಸ್ತೃತ ತಪಾಸಣೆ ನಡೆಯುತ್ತದೆ. ಇದು ನಮ್ಮಲ್ಲಿನ ಪೊಲೀಸ್ ವೆರಿಫಿಕೇಶನ್‌ನಂಥದು. ಮಕ್ಕಳೊಡನೆ ಕೆಲಸ ಮಾಡದಂತೆ ನಿಷೇಧಿಸಲ್ಪಟ್ಟವರ ಪಟ್ಟಿಯನ್ನೂ ನೋಡುತ್ತಾರೆ. ಆಮೇಲೆ ಮಕ್ಕಳ ರಕ್ಷಣೆಯ ತರಬೇತಿ, ಹಲವೆಡೆ ಸಂದರ್ಶನ. ಮಗು ‘ಯಾರಿಗೂ ಹೇಳಬೇಡಿ’ ಎಂದು ಒಂದು ವಿಷಯ ತಿಳಿಸಿದರೆ ಏನು ಮಾಡಬೇಕು? ಗುಟ್ಟು ಕಾಪಾಡುತ್ತೇನೆಂದು ಮಾತು ಕೊಡಬಾರದು, ಕೆದಕಿ ಪ್ರಶ್ನಿಸಬಾರದು, ಮಗು ಆಡಿದ ಮಾತನ್ನು ಇದ್ದಂತೆಯೇ ಬರೆದು ಸಂಬಂಧಪಟ್ಟವರಿಗೆ ಮುಟ್ಟಿಸಬೇಕು. ತರಬೇತಿಯ ತಿರುಳು ಇಂಥದು. ಪರವಾನಗಿಯ ಅವಧಿ ಆಡಳಿತದಿಂದ ಆಡಳಿತಕ್ಕೆ ಬೇರೆ. ಅನೇಕ ಕಡೆ 3 ವರ್ಷ. ಹವ್ಯಾಸಿ ತಂಡಗಳಲ್ಲಿ ಸಂಬಳವಿಲ್ಲದೆ ಈ ಕೆಲಸ ಮಾಡುವವರೂ ಬಹಳ ಮಂದಿ ಇದ್ದಾರೆ.

ಭಾರತದಲ್ಲಿ ಈ ಹೆಸರಿನ ಪರವಾನಗಿ ಇಲ್ಲ. ಆದರೆ ಬಾಲಕಾರ್ಮಿಕ ಕಾಯ್ದೆಯ 2017ರ ತಿದ್ದುಪಡಿ ನಿಯಮಗಳ ಪ್ರಕಾರ ಬಾಲಕಲಾವಿದರನ್ನು ದಿನಕ್ಕೆ 5 ಗಂಟೆಗಿಂತ ಹೆಚ್ಚು, ವಿರಾಮವಿಲ್ಲದೆ 3 ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ. ನಿರ್ಮಾಪಕರು ಜಿಲ್ಲಾಧಿಕಾರಿಯ ಅನುಮತಿ ಪಡೆಯಬೇಕು. ಗರಿಷ್ಠ 5 ಮಕ್ಕಳಿಗೆ ಒಬ್ಬರಂತೆ ಜವಾಬ್ದಾರಿಯುತ ವ್ಯಕ್ತಿಯನ್ನೂ ನೇಮಿಸಬೇಕು. ಧಾರಾವಾಹಿಗೋ ರಿಯಾಲಿಟಿ ಶೋಗೋ ಮಗುವನ್ನು ಕಳಿಸುವ ಕನ್ನಡದ ತಂದೆತಾಯಂದಿರು, ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಆ ವ್ಯಕ್ತಿ ಯಾರು ಎಂದು ಕೇಳಿ, ಅವರನ್ನು ಮುಖತಃ ಕಂಡು ಮಾತಾಡಬೇಕು.